ನಳದ ನೀರು, ಜೋಳದ ರೊಟ್ಟಿ, ಒಂದೇ ಮೊಬೈಲು: ಲಾಕ್‌ಡೌನ್ ಮನೆಯ ನೆಮ್ಮದಿಯ ಲೆಕ್ಕ

2021ರ ಕೋವಿಡ್ ಎರಡನೇ ಅಲೆಯ ಲಾಕ್‌ಡೌನಿನಲ್ಲಿ, ಜೂನ್ 14ರಿಂದ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಅಂಗಡಿಗಳು ಮಧ್ಯಾಹ್ನ 2ರವರೆಗೆ ತೆರೆದಿರತೊಡಗಿದವು. ಬೆಳಗಾವಿಗೆ ಆ ಸಡಿಲಿಕೆ ಸಿಗಲಿಲ್ಲ. ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಅದೂ ಒಂದಾಗಿತ್ತು. ಅಲ್ಲಿ ಜೂನ್ 21ರವರೆಗೆ ಕಿರಾಣಿ, ಕಾಯಿಪಲ್ಲೆ ಎಲ್ಲವೂ ಬೆಳಗ್ಗೆ 6ರಿಂದ 10ರೊಳಗೇ ಮುಗಿಯಬೇಕಿತ್ತು. ಏಪ್ರಿಲ್ 27ರ ರಾತ್ರಿ ಬಿದ್ದ ಬೀಗದಿಂದ ಲೆಕ್ಕ ಹಿಡಿದರೆ ಏಳು ವಾರ ಆಗಿತ್ತು. ಆ ಏಳು ವಾರದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಅತಿ ಹೆಚ್ಚು ಓಡಾಡಿದ ಉಪದೇಶ ‘ಪಾಸಿಟಿವ್ ಆಗಿರಿ’ ಎಂಬುದು. ಊರಲ್ಲಿ ಹಿರಿಯರು ಹೇಳುತ್ತಿದ್ದುದೂ ಅದನ್ನೇ: ‘ಧೈರ್ಯ ಬಿಡಬ್ಯಾಡ್ರಿ, ಎಲ್ಲಾ ಸರಿ ಹೋಗತೈತಿ.’

ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ನಮ್ಮ ಭಾಗದ ಮನೆಗಳಲ್ಲಿ ಆಗ ಜಗಳ ಎಲ್ಲಿ ಹುಟ್ಟುತ್ತಿತ್ತು ಎಂದು ಗಮನಿಸಿದರೆ, ಅದರ ಬೇರು ಮನಸ್ಸಿನ ದೌರ್ಬಲ್ಯದಲ್ಲಿರಲಿಲ್ಲ. ನಳ ಬರುವ ಹೊತ್ತಿಗೇ ಮಗನ ಮೀಟಿಂಗು, ಒಂದೇ ಮೊಬೈಲಿಗೆ ಇಬ್ಬರು ಮಕ್ಕಳ ಕ್ಲಾಸು, ದಿನವಿಡೀ ಆರದ ಒಲೆ, ಬಾಯಿ ಬಿಟ್ಟು ಹೇಳಲಾಗದ ಸಾಲ. ಇವುಗಳಿಗೆ ಹೊತ್ತು, ಜಾಗ, ಪಾಲು ನಿಗದಿಯಾದ ಮನೆಯಲ್ಲಿ ಮನಸ್ಸು ತಾನಾಗಿಯೇ ಅರ್ಧ ಹಗುರಾಗುತ್ತದೆ. ನಿಗದಿಯಾಗದ ಮನೆಯಲ್ಲಿ ಯೋಗ, ಧ್ಯಾನ, ಶುಭನುಡಿ ಯಾವುದೂ ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ದಿನದ ಮೊದಲ ನಾಲ್ಕು ತಾಸು

ಬೆಳಗ್ಗೆ 6ರಿಂದ 10ರ ಅವಧಿ ಮಾರುಕಟ್ಟೆಗೆ ಎಂದು ಸರ್ಕಾರ ಗೊತ್ತು ಮಾಡಿತು. ಮನೆಯೊಳಗೆ ಅದೇ ನಾಲ್ಕು ತಾಸು ಹಾಲು, ಚಹಾ, ನಾಷ್ಟಾ, ಜಳಕ, ಮಧ್ಯಾಹ್ನದ ರೊಟ್ಟಿ ಎಲ್ಲದರ ಹೊತ್ತು. ಅದರ ಮೇಲೆ ನಳ. ಬೆಳಗಾವಿ ನಗರದ ಕೆಲವು ವಾರ್ಡುಗಳಿಗೆ ಆಗ 24 ತಾಸಿನ ನೀರಿತ್ತು. ಉಳಿದ ವಾರ್ಡುಗಳಲ್ಲೂ ವಿಜಯಪುರ, ಬಾಗಲಕೋಟೆಯ ಹಲವು ಓಣಿಗಳಲ್ಲೂ ದಿನ ಬಿಟ್ಟೋ ಮೂರ್ನಾಲ್ಕು ದಿನಕ್ಕೊಮ್ಮೆಯೋ ನೀರು ಬರುತ್ತಿತ್ತು. ಬಂದಾಗ ತುಂಬಿಕೊಳ್ಳದಿದ್ದರೆ ಮುಂದಿನ ಸರದಿಯವರೆಗೆ ಪರದಾಟ. ಹಾಗಾಗಿ ಮನೆಯ ವೇಳಾಪಟ್ಟಿ ಬರೆಯುವಾಗ ಆಫೀಸಿನ ಸಮಯದಿಂದ ಶುರು ಮಾಡುವುದು ತಪ್ಪು. ಮೊದಲ ಸಾಲಿಗೆ ನೀರು ಬರಲಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂದು ಎರಡು ವಾರ ಬರೆದಿಟ್ಟರೆ ವಾಲ್ವ್‌ಮನ್ ನೀರು ಬಿಡುವ ಪದ್ಧತಿ ಕಣ್ಣಿಗೆ ಕಾಣುತ್ತದೆ. ಆ ತಾಸಿನಲ್ಲಿ ಮೀಟಿಂಗ್ ಇಲ್ಲದವರು ನೀರಿನ ಹೊಣೆ ಹೊರಬೇಕು. ಕೊಡ ಹಿಡಿಯುವುದಷ್ಟೇ ಆ ಹೊಣೆಯಲ್ಲ: ಹಿಂದಿನ ರಾತ್ರಿ ಹಂಡೆ ತೊಳೆದಿಡುವುದು, ಮೋಟರ್ ಚಾಲೂ ಮಾಡುವುದು, ಸಿಂಟೆಕ್ಸ್ ತುಂಬಿ ಹರಿಯುವ ಮೊದಲು ಬಂದ್ ಮಾಡುವುದು, ಕುಡಿಯುವ ನೀರು ಸೋಸಿ ಮುಚ್ಚಿಡುವುದು, ಎಲ್ಲವೂ ಒಬ್ಬರದೇ.

ಸಂತೆ ಕಡಿಮೆ ಮಾಡಿಕೊಳ್ಳಬೇಕು. ದಿನಾ ಒಬ್ಬೊಬ್ಬರು ಚೀಲ ಹಿಡಿದು ಹೋಗುವುದರಿಂದ ಸೋಂಕಿನ ಭಯವೂ ಹೆಚ್ಚು, ಸಮಯವೂ ಹಾಳು. ವಾರಕ್ಕೆ ಒಂದು ಸಲ ಕಿರಾಣಿ, ಎರಡು ಸಲ ಕಾಯಿಪಲ್ಲೆ; ಮನೆಯಿಂದ ಒಬ್ಬರೇ. ಚೀಟಿ ಅಡುಗೆಮನೆಯಲ್ಲೇ ತೂಗುಹಾಕಿ, ಮುಗಿಯುತ್ತಿರುವುದನ್ನು ಕಂಡವರು ಬರೆಯಲಿ. ಮೆಂತ್ಯ, ಪಾಲಕ ಎರಡು ದಿನಕ್ಕೆ ಬಾಡುತ್ತವೆ, ಮೊದಲು ಅವನ್ನು ಖಾಲಿ ಮಾಡಿ. ಹೀರೇಕಾಯಿ, ಬದನೆ ಮೂರ್ನಾಲ್ಕು ದಿನ ತಾಳುತ್ತವೆ. ಗಜ್ಜರಿ, ಕೋಸು ವಾರ ಕಳೆಯುತ್ತವೆ. ವಾರದ ಕೊನೆಗೆ ಹೆಸರು ಕಾಳು, ಮಡಿಕೆ ಕಾಳು ಮೊಳಕೆ ಕಟ್ಟಿದರೆ ಪಲ್ಲೆ ಇಲ್ಲದ ದಿನವೂ ಊಟ ರುಚಿಯಾಗಿರುತ್ತದೆ.

ರೊಟ್ಟಿಯ ಗಣಿತ

ಅಡುಗೆಮನೆಯ ಬಗ್ಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಲಾಕ್‌ಡೌನಿನ ಅತಿ ದೊಡ್ಡ ಭಾರ ಬಿದ್ದದ್ದು ಅಲ್ಲಿ. ಬೀಗ ಬೀಳುವ ಮೊದಲೇ ಅಲ್ಲಿ ಸಮತೋಲ ಇರಲಿಲ್ಲ. 2019ರಲ್ಲಿ ದೇಶವ್ಯಾಪಿ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ನೂರಕ್ಕೆ ಸುಮಾರು 74 ಗಂಡಸರು ಅದನ್ನು ಮುಟ್ಟುವುದೇ ಇಲ್ಲ.

ಆರು ಜನರ ಮನೆಯೊಂದನ್ನು ತೆಗೆದುಕೊಳ್ಳಿ. ಎರಡು ಹೊತ್ತಿಗೆ ತಲಾ ಎರಡೂವರೆಯಂತೆ ದಿನಕ್ಕೆ 30 ರೊಟ್ಟಿ. ರೊಟ್ಟಿಗೆ 65 ಗ್ರಾಂ ಹಿಟ್ಟು ಎಂದರೆ ಸುಮಾರು 2 ಕಿಲೋ. ಬಡಿದು ಬೇಯಿಸಲು ರೊಟ್ಟಿಗೆ ಎರಡು ನಿಮಿಷ ಹಿಡಿದರೂ ಒಲೆಯ ಮುಂದೆ ಒಂದು ತಾಸು, ನಾದುವುದು ಬೇರೆ. ಶಾಲೆ ನಡೆಯುತ್ತಿದ್ದಾಗ ಮಕ್ಕಳ ಮಧ್ಯಾಹ್ನದ ಊಟ ಬಿಸಿಯೂಟದಲ್ಲಿ ಆಗುತ್ತಿತ್ತು. ಲಾಕ್‌ಡೌನಿನಲ್ಲಿ ಅದರ ಅಕ್ಕಿ-ಬೇಳೆ ಮನೆಗೆ ಬಂತು, ಬೇಯಿಸುವ ಕೆಲಸವೂ ಅದರ ಜೊತೆಗೇ ತಾಯಿಯ ಪಾಲಿಗೆ ಬಂತು. ಗಂಡಸರು ಮನೆಯಲ್ಲಿದ್ದಾರೆಂದು ನಾಲ್ಕು ಸಲ ಚಹಾ. ಈ ಹೆಚ್ಚಳ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಂಜೆ ಆಕೆಯ ಸಿಡುಕು ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ: ವಾರಕ್ಕೆ ಎರಡು ದಿನ ಕಟಕ ರೊಟ್ಟಿ (ಒಣಗಿಸಿದ ಗರಿಗರಿ ರೊಟ್ಟಿ) ಮಾಡಿಟ್ಟುಕೊಂಡು, ಆ ರಾತ್ರಿಗಳಲ್ಲಿ ಒಲೆಗೆ ರಜೆ ಕೊಡುವುದು. ಒಬ್ಬರು ಬಡಿದು ಇನ್ನೊಬ್ಬರು ಬೇಯಿಸಿದರೆ ಎರಡೂವರೆ ತಾಸಿನಲ್ಲಿ 40 ರೊಟ್ಟಿ ಆಗುತ್ತವೆ. ಬೇಯಿಸುವವರು ಗಂಡನೋ ಮಗನೋ ಆಗಲಿ. ಎರಡು ದಿನದಲ್ಲಿ ಕೈ ಕೂಡುತ್ತದೆ. ಮಾಮೂಲಿಗಿಂತ ತೆಳ್ಳಗೆ ಬಡಿಯಬೇಕು. ಹಂಚಿನ ಮೇಲೆ ಎರಡೂ ಮಗ್ಗುಲು ಬೆಂದ ಮೇಲೆ ಉರಿ ಸಣ್ಣದು ಮಾಡಿ, ಅರಿವೆಯಿಂದ ಅಂಚು ಒತ್ತುತ್ತ ತೇವ ಪೂರ್ತಿ ಹೋಗುವವರೆಗೆ ಒಣಗಿಸಬೇಕು. ಆಮೇಲೆ ಒಂದೊಂದನ್ನೇ ಓರೆಯಾಗಿ ನಿಲ್ಲಿಸಿ ಆರಿಸಿ. ಬಹಳ ಜನ ಎಡವುವುದು ಇಲ್ಲಿ: ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಅಥವಾ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಬೆವರುತ್ತವೆ, ಮೂರ್ನಾಲ್ಕು ದಿನಕ್ಕೆ ಬೂಸು ಹಿಡಿಯುತ್ತದೆ. ಜೂನ್‌ನ ಮೃಗಶಿರಾ ಮಳೆಯ ಹೊತ್ತಿನಲ್ಲಿ ಗಾಳಿಯಲ್ಲೇ ತೇವ ಇರುತ್ತದೆ. ಬೇಸಿಗೆಯಲ್ಲಿ ಬುಟ್ಟಿಯಲ್ಲಿ ತಿಂಗಳು ಇರುವ ರೊಟ್ಟಿಯನ್ನು ಆಗ ಗಾಳಿ ಆಡದ ಡಬ್ಬಿಯಲ್ಲಿಟ್ಟು ಎಂಟು-ಹತ್ತು ದಿನದಲ್ಲಿ ಮುಗಿಸುವುದು ಒಳ್ಳೆಯದು. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಇದ್ದರೆ, ಮೊಸರಿದ್ದರೆ, ಒಂದು ಹೊತ್ತಿನ ಊಟ ಸಾಗುತ್ತದೆ. ಚಟ್ನಿಗೆ ಹಸಿ ಬಳ್ಳೊಳ್ಳಿ ಹಾಕಿದರೆ ಬೇಗ ಕಮಟುತ್ತದೆ, ಹುರಿದು ಹಾಕಿ.

ಗಿರಣಿ ಬೆಳಗ್ಗೆ ಮಾತ್ರ ತೆರೆಯುತ್ತದೆಂದು ಕೆಲವರು ತಿಂಗಳ ಜೋಳ ಒಂದೇ ಸಲ ಬೀಸಿಸಿದ್ದರು. ಜೋಳದ ಹಿಟ್ಟು ಹಳೆಯದಾದಂತೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಬಡಿಯಲು ದುಪ್ಪಟ್ಟು ಹೊತ್ತು ಬೇಕು. ಎಂಟು ದಿನಕ್ಕಾಗುವಷ್ಟು, ಅಂದರೆ ಆ ಆರು ಜನರ ಮನೆಗೆ 16 ಕಿಲೋ, ಬೀಸಿಸಿದರೆ ಸಾಕು. ಹಳೆ ಹಿಟ್ಟು ಉಳಿದಿದ್ದರೆ ಚೆನ್ನಾಗಿ ಕುದಿಯುವ ಎಸರು ಹಾಕಿ ನಾದಬೇಕು.

ಗಂಡಸರ ಪಾಲಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಏನರ ಮಾಡಬೇಕೇನು?’ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವುದರಿಂದ ಆಕೆಯ ಕೆಲಸ ಕಮ್ಮಿಯಾಗುವುದಿಲ್ಲ. ಏನು ಮಾಡಿಸಬೇಕೆಂದು ಯೋಚಿಸುವ ಕೆಲಸ ಒಂದು ಹೆಚ್ಚಾಗುತ್ತದೆ. ನೀರು, ಸಂತೆ, ರಾತ್ರಿಯ ಮುಸುರೆ, ಅರಿವೆ ಒಣಹಾಕಿ ಮಡಚುವುದು: ಇವುಗಳಲ್ಲಿ ಎರಡನ್ನು ಇಡಿಯಾಗಿ ವಹಿಸಿಕೊಂಡು, ಯಾರೂ ನೆನಪಿಸದೆ ಮಾಡಬೇಕು. ಆಗ ಆಕೆಗೆ ದಿನಕ್ಕೆ ಒಂದೂವರೆ ತಾಸು ಉಳಿಯುತ್ತದೆ. ಆ ಹೊತ್ತಿನಲ್ಲಿ ಆಕೆ ಮಲಗಲಿ, ಫೋನಿನಲ್ಲಿ ತವರಿನವರ ಜೊತೆ ಮಾತಾಡಲಿ, ಸುಮ್ಮನೆ ಕೂರಲಿ. ಇಡೀ ಮನೆಯ ಮನಸ್ಥಿತಿಯನ್ನು ಬದಲಿಸುವ ಒಂದೇ ಕ್ರಮ ಹೇಳಿ ಎಂದರೆ ನಾವು ಇದನ್ನೇ ಹೇಳುತ್ತೇವೆ.

ಮಗ್ಗದ ಮನೆ, ಲ್ಯಾಪ್‌ಟಾಪ್ ಮನೆ

ಮನೆಯಲ್ಲೇ ಕೆಲಸ ಮಾಡುವುದು ಬೆಂಗಳೂರು, ಪುಣೆಯಿಂದ ಊರಿಗೆ ಮರಳಿದ ಹುಡುಗರಿಗೆ ಹೊಸದು. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗದ ನೇಕಾರರಿಗೆ ಅದು ತಲೆಮಾರುಗಳ ಬಾಳು. ಪಡಸಾಲೆಯಲ್ಲಿ ಮಗ್ಗ, ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುವ ಹೆಂಗಸರು, ನಡುಮನೆಯಲ್ಲಿ ಅಡುಗೆ. ಆ ಮನೆಗಳಲ್ಲಿ ಒಂದು ಶಿಸ್ತು ಇತ್ತು: ಮಗ್ಗಕ್ಕೆ ಕೂರುವ ಹೊತ್ತು, ಏಳುವ ಹೊತ್ತು, ಅಮಾವಾಸ್ಯೆಯ ಬಿಡುವು. ಲಾಕ್‌ಡೌನ್ ಅಲ್ಲಿ ಮುರಿದದ್ದು ನೂಲಿನ ದಾರಿಯನ್ನು ಮತ್ತು ಮಾರಾಟವನ್ನು. ಮದುವೆ ಸೀಸನ್ ಎರಡನೇ ವರ್ಷವೂ ಹೋಯಿತು, ಸೀರೆ ಮಾಲೀಕರ ಕಪಾಟಿನಲ್ಲಿ ಉಳಿಯಿತು, ಮಜೂರಿ ನಿಂತಿತು. 2021ರ ಜೂನ್ 3ರಂದು ರಾಜ್ಯ ಸರ್ಕಾರ ಪ್ರಕಟಿಸಿದ ಎರಡನೇ ಪರಿಹಾರ ಪ್ಯಾಕೇಜಿನಲ್ಲಿ ವಿದ್ಯುತ್ ಮಗ್ಗದ ನೇಕಾರರಿಗೆ ₹3,000 ಸೇರಿತ್ತು. ಕೈಮಗ್ಗದವರಿಗೆ ನೇಕಾರ ಸಮ್ಮಾನ್ ಯೋಜನೆಯ ವರ್ಷಕ್ಕೆ ₹2,000 ಆಗ ಇತ್ತು. ಎರಡೂ ಬ್ಯಾಂಕ್ ಖಾತೆಗೆ ಬರುತ್ತಿದ್ದ ಹಣ. ಆಧಾರ್ ಜೋಡಣೆ ಆಗದ ಖಾತೆ, ಅರ್ಜಿಯಲ್ಲಿನ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ಅಕ್ಷರ ವ್ಯತ್ಯಾಸ ಇದ್ದರೆ ಇಂಥ ದುಡ್ಡು ಸಿಕ್ಕಿಬೀಳುತ್ತದೆ, ಮೊದಲೇ ನೋಡಿಕೊಳ್ಳಿ. ಕೆಲಸವಿಲ್ಲದ ದಿನಗಳಲ್ಲೂ ಮಗ್ಗದ ಹೊತ್ತಿಗೆ ಏಳುವ ರೂಢಿ ಬಿಡಬಾರದು. ಮಗ್ಗ ಸ್ವಚ್ಛ ಮಾಡುವುದು, ಸವೆದ ಭಾಗ ಬದಲಿಸುವುದು, ಮಾಲೀಕರೊಂದಿಗಿನ ಬಾಕಿ-ಮುಂಗಡದ ಲೆಕ್ಕ ವಹಿಯಲ್ಲಿ ಬರೆದುಕೊಳ್ಳುವುದು ಈ ಬಿಡುವಿನಲ್ಲೇ ಆಗಬೇಕಾದ ಕೆಲಸಗಳು. ಬಾಯಿಮಾತಿನ ಮುಂಗಡ ಲಾಕ್‌ಡೌನ್ ಮುಗಿದ ಮೇಲೆ ಜಗಳವಾಗಿ ಬರುತ್ತದೆ.

ಲ್ಯಾಪ್‌ಟಾಪಿನವರ ಕಷ್ಟ ಬೇರೆ: ಕರೆಂಟು ಮತ್ತು ನೆಟ್‌ವರ್ಕ್. ತೋಟದ ಮನೆಗಳಿಗೆ ಪಂಪ್‌ಸೆಟ್ ಲೈನಿನ ಕರೆಂಟೇ ಗತಿ. ತ್ರೀಫೇಸ್ ಏಳು ತಾಸು, ಅದೂ ಪಾಳಿಯಲ್ಲಿ. ಆ ಪಾಳಿಯ ಸಮಯವನ್ನೂ ಗೋಡೆಯ ಪಟ್ಟಿಗೆ ಸೇರಿಸಿ, ಎಲ್ಲ ಬ್ಯಾಟರಿ ಆಗಲೇ ತುಂಬಿಸಬೇಕು. ಊರೊಳಗಿನ ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಎರಡು ಫ್ಯಾನು, ಒಂದು ಲ್ಯಾಪ್‌ಟಾಪು, ರೂಟರ್ ಸೇರಿ 220 ವ್ಯಾಟ್ ಆಗುತ್ತದೆ. ಹೊಸ ಬ್ಯಾಟರಿ ಐದಾರು ತಾಸು ಎಳೆಯುತ್ತದೆ, ಮೂರು ವರ್ಷ ಹಳೆಯದಾದರೆ ಅರ್ಧ. ಪತ್ರಾಸಿನ (ತಗಡಿನ ಚಾವಣಿಯ) ಮನೆಯಲ್ಲಿ ಹಾಟ್‌ಸ್ಪಾಟ್ ಹಚ್ಚಿದ ಫೋನು ಮಧ್ಯಾಹ್ನ ಕಾದು ನಿಧಾನವಾಗುತ್ತದೆ. ನೆಟ್‌ವರ್ಕ್ ಹೋಯಿತೆಂದು ಬೈಯುವ ಮೊದಲು ಫೋನನ್ನು ಕವಚ ತೆಗೆದು, ಟವರ್ ದಿಕ್ಕಿನ ಕಿಟಕಿಯಲ್ಲಿ ನೆರಳಿಗಿಟ್ಟು ನೋಡಿ. ವಿಡಿಯೊ ಕರೆ ತಾಸಿಗೆ ಸುಮಾರು 1 ಜಿಬಿ ತಿನ್ನುತ್ತದೆ, ಬರೀ ಧ್ವನಿಗೆ ಅದರ ಹತ್ತನೇ ಒಂದು ಪಾಲೂ ಬೇಡ. ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದು ಬೆಳಗಿನ ಕ್ಲಾಸನ್ನೂ ಮೀಟಿಂಗನ್ನೂ ವಿಡಿಯೊದಲ್ಲೇ ನಡೆಸಿದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ನಿಲ್ಲುತ್ತದೆ.

ಮಕ್ಕಳು ಮತ್ತು ಆ ಒಂದು ಫೋನು

2021ರಲ್ಲಿ ಪದವಿಪೂರ್ವ ಎರಡನೇ ವರ್ಷದ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಜುಲೈ ಮೂರನೇ ವಾರದಲ್ಲಿ ಎರಡೇ ದಿನ, ಮೂರು ಮೂರು ವಿಷಯ ಸೇರಿಸಿ 120 ಅಂಕದ ಬಹುಆಯ್ಕೆ ಪತ್ರಿಕೆ ಎಂದು ಆಗ ಹೇಳಲಾಗಿತ್ತು. ಹತ್ತನೇ ತರಗತಿಯ ಮಗು ಇರುವ ಮನೆಯಲ್ಲಿ ಫೋನಿನ ಮೊದಲ ಹಕ್ಕು ಪರೀಕ್ಷೆಯವರೆಗೆ ಆ ಮಗುವಿನದು, ಇದನ್ನು ಚಿಕ್ಕವರಿಗೂ ತಿಳಿಸಿ ಹೇಳಿ. ಚಿಕ್ಕವರಿಗೆ ಫೋನಿನ ಮುಂದೆ ಬಹಳ ಹೊತ್ತು ಬೇಕಾಗಿಯೂ ಇಲ್ಲ. ಆನ್‌ಲೈನ್ ಪಾಠಕ್ಕೆ ಕೇಂದ್ರ ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿ ಒಂದರಿಂದ ಎಂಟನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠ, 9ರಿಂದ 12ಕ್ಕೆ ನಾಲ್ಕು ಪಾಠ ಮೀರಬಾರದು ಎನ್ನುತ್ತದೆ. ಶಾಲೆ ಅದಕ್ಕಿಂತ ಹೆಚ್ಚು ಎಳೆದರೆ ಪಾಲಕರು ಈ ಮಾತನ್ನು ಮುಂದಿಡಬಹುದು.

ವಿದ್ಯುತ್ ಮಗ್ಗದ ಮನೆಯಲ್ಲಿ ಸದ್ದಿನೊಳಗೆ ಪಾಠ ಕೇಳಿಸದು. ಪಾಠದ ಹೊತ್ತಿಗೆ ಮಗುವನ್ನು ಮಾಳಿಗೆಗೋ ಸಂಬಂಧಿಕರ ಮನೆಗೋ ಕಳಿಸಿ. ಮೂಲೆಯಲ್ಲಿ ಇಯರ್‌ಫೋನ್ ಹಾಕಿ ಕೂರಿಸಿದರೆ ಸದ್ದು ಮೀರಲು ಧ್ವನಿ ಏರಿಸುತ್ತ ಹೋಗಿ ಕಿವಿಗೆ ಪೆಟ್ಟಾಗುತ್ತದೆ. ಬಿತ್ತನೆಯ ದಿನಗಳಲ್ಲಿ ಮಕ್ಕಳು ಹೊಲಕ್ಕೆ ಹೋಗಿ ಬರುವುದರಲ್ಲಿ ತಪ್ಪೇನಿಲ್ಲ, ಮೈಗೂ ಮನಸ್ಸಿಗೂ ಒಳ್ಳೆಯದೇ. ಕೂಲಿ ಉಳಿಯುತ್ತದೆಂದು ದಿನಗಟ್ಟಲೆ ಹೊಲದಲ್ಲೇ ಇಟ್ಟುಕೊಂಡರೆ ಆ ಮಗು ಶಾಲೆಗೆ ಮರಳುವುದು ಅನುಮಾನ. ಇನ್ನೊಂದು ಅಪಾಯ ಇನ್ನೂ ದೊಡ್ಡದು. ಬೆರಳೆಣಿಕೆಯ ಜನರ ನಡುವೆ ಖರ್ಚಿಲ್ಲದೆ ಮುಗಿಯುತ್ತದೆಂದು ಹದಿನೈದು-ಹದಿನಾರರ ಹುಡುಗಿಯ ಲಗ್ನ ಮಾಡುವ ಯೋಚನೆ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ಓಣಿಯಲ್ಲಿ ಸುದ್ದಿ ತಿಳಿದವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಮುಚ್ಚಿಟ್ಟ ಸಾಲ, ಮುಚ್ಚಿಟ್ಟ ದುಃಖ

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಾಗ ಅದನ್ನು ಮನ್ನಾ ಎಂದು ತಿಳಿದವರು ಬಹಳ. ಬಡ್ಡಿ ಓಡುತ್ತಲೇ ಇತ್ತು: ₹2 ಲಕ್ಷದ ಸಾಲಕ್ಕೆ ಶೇ 12ರಂತೆ ಮೂರು ತಿಂಗಳ ಕಂತು ಬಿಟ್ಟರೆ ಬಾಕಿ ₹2,06,060 ಆಗುತ್ತದೆ. 2021ರಲ್ಲಿ ಎಲ್ಲರಿಗೂ ಅನ್ವಯಿಸುವ ಮುಂದೂಡಿಕೆ ಇರಲಿಲ್ಲ. ಆ ವರ್ಷ ಮೇ 5ರಂದು ಪ್ರಕಟವಾದ ಸಾಲದ ಮರುಹೊಂದಾಣಿಕೆಗೆ ಸೆಪ್ಟೆಂಬರ್ 30ರೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕಿತ್ತು, ಇಂಥ ಅರ್ಜಿ ಕೊಡುವ ಮೊದಲು ಒಟ್ಟು ಎಷ್ಟು ಹೆಚ್ಚು ಕಟ್ಟಬೇಕಾಗುತ್ತದೆಂದು ಬರೆಸಿಕೊಳ್ಳಬೇಕು. ಅದಕ್ಕಿಂತ ಮೊದಲಿನ ಹೆಜ್ಜೆ ಮನೆಯಲ್ಲಿ. ಗಂಡ ಹೆಂಡತಿ ಒಟ್ಟಿಗೆ ಕೂತು ಒಂದೇ ಹಾಳೆಯಲ್ಲಿ ತಿಂಗಳಿಗೆ ಬರುವುದು, ಬಿಡಲಾಗದ ಖರ್ಚು, ಎರಡು ತಿಂಗಳು ತಡೆಯಬಹುದಾದದ್ದು ಬರೆಯಬೇಕು. ಕೇಂದ್ರದ ತಲಾ 5 ಕಿಲೋ ಉಚಿತ ಧಾನ್ಯ 2021ರ ದೀಪಾವಳಿವರೆಗೆ ಮುಂದುವರಿಯಲಿದೆ ಎಂದು ಆಗ ಪ್ರಕಟವಾಗಿತ್ತು, ಅಂಥದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಂಘದ ವಾರದ ಕಂತು ಹೆಂಡತಿಯ ಹೆಸರಲ್ಲಿ, ಕೈಸಾಲ ಗಂಡನ ಹೆಸರಲ್ಲಿ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬ ಮನೆಗಳಲ್ಲೇ ರಾತ್ರಿ ನಿದ್ದೆ ಹಾರುವುದು ಹೆಚ್ಚು.

ಕುಡಿತದ ಬಗ್ಗೆ ತಿಳಿಯದೆ ಆಗುವ ಒಂದು ಅನಾಹುತವಿದೆ. ವರ್ಷಗಟ್ಟಲೆ ದಿನಾ ಕುಡಿಯುತ್ತಿದ್ದವರು ಹಣವಿಲ್ಲದೆಯೋ ಅಂಗಡಿ ಸಿಗದೆಯೋ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನದಲ್ಲೇ ಕೈನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು. ಇದು ಜೀವಕ್ಕೆ ಅಪಾಯ. ದೆವ್ವ ಬಡಿದಿದೆ ಎಂದೋ ನಾಟಕ ಎಂದೋ ಮನೆಯಲ್ಲಿ ಇಟ್ಟುಕೊಳ್ಳದೆ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ಹೊಡೆತಕ್ಕೆ ಸಿಕ್ಕ ಹೆಂಗಸರಿಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ಇವೆ. ಫೋನು ಗಂಡನ ಕೈಯಲ್ಲೇ ಇರುವ ಮನೆಯಾದರೆ ನೆರೆಯವರೇ ಕರೆ ಮಾಡಬೇಕು.

ಇನ್ನು ಆ ಎರಡನೇ ಅಲೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳು. ಮುಖ ನೋಡಲಾಗದೆ, ನಾಲ್ಕು ಜನ ಬಂದು ಕೂರದೆ ಮಣ್ಣಾದವರ ಮನೆಯವರಿಗೆ ‘ಪಾಸಿಟಿವ್ ಆಗಿರಿ’ ಎನ್ನುವುದು ಕ್ರೌರ್ಯ. ಅವರು ಅಳಲಿ, ಸತ್ತವರ ಹೆಸರೆತ್ತಿ ಮಾತಾಡಲು ಬಿಡಿ. ದಿನಾ ಒಂದೇ ಹೊತ್ತಿಗೆ ಯಾರಾದರೊಬ್ಬರು ಫೋನ್ ಮಾಡುವಂತೆ ನಂಟರು ಪಾಳಿ ಹಂಚಿಕೊಳ್ಳಬಹುದು, ಎರಡು ಹೊತ್ತಿನ ಊಟದ ಡಬ್ಬಿ ಬಾಗಿಲಿಗೆ ಮುಟ್ಟಿಸಬಹುದು. ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ ₹3,500 ಎಂದು 2021ರಲ್ಲಿ ಘೋಷಣೆಯಾಯಿತು, ಇಂಥ ಅರ್ಜಿಯ ಓಡಾಟವನ್ನು ಹತ್ತಿರದವರು ಮಾಡಿಕೊಡಲಿ. ನಿದ್ದೆ, ಊಟ, ಮೈ ತೊಳೆಯುವ ಆಸೆ ಎರಡು ವಾರ ದಾಟಿದರೂ ಮರಳದಿದ್ದರೆ, ಸಾವಿನ ಮಾತು ಬಾಯಿಗೆ ಬಂದರೆ ಅದೇ ದಿನ, ನಿಮ್ಹಾನ್ಸ್‌ನ 080-46110007ಕ್ಕೆ ಕರೆ ಮಾಡಿ. ನೇರವಾಗಿ ತೋರಿಸಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಅರ್ಧ ತೆರೆದ ದಿನಗಳು

ವಿಜಯಪುರ, ಬಾಗಲಕೋಟೆ ಜೂನ್ 14ಕ್ಕೆ ತಲುಪಿದ್ದ ಅರ್ಧ ಸಡಿಲಿಕೆಯ ಹಂತ ಪೂರ್ತಿ ಬೀಗಕ್ಕಿಂತ ತೊಡಕಿನದು. ಅಂಗಡಿ, ಕಚೇರಿ, ಹೊಲ ತೆರೆಯುತ್ತವೆ, ಶಾಲೆ ತೆರೆಯುವುದಿಲ್ಲ. ಗಂಡಸರು ಹೊರಗೆ ಹೋದಕೂಡಲೇ ನೀರು, ಮುಸುರೆ, ಸಂತೆ ಸದ್ದಿಲ್ಲದೆ ತಾಯಿಯ ಕೈಗೆ ಮರಳುತ್ತವೆ, ಮಕ್ಕಳು ಮಾತ್ರ ಮನೆಯಲ್ಲೇ ಉಳಿಯುತ್ತಾರೆ. ಅಪ್ಪನ ಕಿಸೆಯಲ್ಲಿ ಫೋನೂ ಹೊರಗೆ ಹೋಗುತ್ತದೆ. ಕೆಲಸಕ್ಕೆ ಹೊರಡುವ ಹಿಂದಿನ ರಾತ್ರಿ ಗೋಡೆಯ ಪಟ್ಟಿಯನ್ನು ಹೊಸದಾಗಿ ಬರೆಯಬೇಕು: ಬೆಳಗಿನ ನೀರು ತುಂಬಲಾಗದವರು ರಾತ್ರಿಯ ಮುಸುರೆ ಮತ್ತು ಭಾನುವಾರದ ಕಟಕ ರೊಟ್ಟಿ ಹಿಡಿಯಲಿ, ಮಕ್ಕಳ ಪಾಠ ಫೋನು ಮನೆಗೆ ಬರುವ ಸಂಜೆಗೆ ಸರಿಯಲಿ. ಹಗಲಿಗೆ ಆಗ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಶಾಲಾ ಪಾಠಗಳಿದ್ದವು, ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಬಾಡಿಗೆ ಇಲ್ಲದೆ ಸಿಗುತ್ತಿದ್ದವು. ಕರೆಂಟು ಹೋಗಿ ತಪ್ಪಿದ ಪಾಠವನ್ನು ರಾತ್ರಿ ಯೂಟ್ಯೂಬ್‌ನಲ್ಲಿ ತೋರಿಸಬಹುದಿತ್ತು. ತಪ್ಪಿದ್ದು ಯಾವುದೆಂದು ಮಗುವೇ ಅದೇ ಪಟ್ಟಿಯ ಕೆಳಗೆ ಬರೆದಿಡಲಿ.